ಎರಡು ‘ತಗಿ’

ನಂಬೂದಿಲ್ಲ ಅನ್ನೋರು ಈಗಲೇ ಎದ್ದು ಹೋಗ್ರಿ. ಬೆಳಗಾವಿಯ ನಮ್ಮ ಕಂಪನಿಯೊಳಗ ಹಾಲಿನ ಸಂಘಗಳ ಸಾಫ್ಟ್‌ವೇರಿಗೆ ಕನ್ನಡ ಮೆನು ಬರೆದಾಂವ ನಾನೇ. ಉಳಿದವರು ‘ತೆರೆ’, ‘ಅಳಿಸು’ ಅಂತ ಇಡೂಣು ಅಂದರು. ನಾನು ಎಮ್ಮಿ ಹಿಂಡಿ ಬೆಳೆದಾಂವ, ಕೇಳ್ತೀನೇನು? “ನಮ್ಮ ಮಂದಿ ಬಾಗಲಾನೂ ತಗೀತಾರ, ಹೊಲದಾಗಿನ ಕಸಾನೂ ತಗೀತಾರ” ಅಂತ ಹೇಳಿ ಎರಡಕ್ಕೂ ‘ತಗಿ’ ಅಂತಲೇ ಬರೆದೆ. ಸಾಹೇಬರು ಖುಷಿಯಾಗಿ, “ಖಾನಾಪುರದಾಗ ಇದು ನಡದರ ನೀನೇ ಕನ್ನಡ ವಿಭಾಗದ ಮುಖ್ಯಸ್ಥ” ಅಂದರು. ಕೈಪಿಡಿಯ ಇನ್ನೂರು ಪ್ರತಿ ಅಚ್ಚಾದವು.

ಖಾನಾಪುರದ ಸಂಘದಾಗ ಕಾರ್ಯದರ್ಶಿ ಅಕ್ಕಾರು ಮೂಗಿನ ಮ್ಯಾಲೆ ಚಾಳೀಸು ಏರಿಸಿಕೊಂಡು ಕಂಪ್ಯೂಟರ್ ಮುಂದ ಕುಂತರು.

“ಅಕ್ಕಾರ, ಸದಸ್ಯರ ಪಟ್ಟಿ ತಗೀರಿ,” ಅಂದೆ.

ಅವರು ಗುಂಡಿ ಒತ್ತಿದರು. ಪಟ್ಟಿ ಮಾಯವಾತು.

“ತಗದೆ ನೋಡಪಾ. ಒಬ್ಬರೂ ಉಳೀಲಿಲ್ಲ.”

“ಅದಲ್ಲರೀ, ಬಾಜೂಕಿನ ತಗಿ ಒತ್ತಬೇಕಿತ್ತು!”

“ಅವಳಿ ಮಕ್ಕಳು ಹುಟ್ಟಿದರೂ ಎರಡು ಹೆಸರು ಇಡ್ತಾರೋ ತಮ್ಮಾ. ನಿನಗ ಒಂದೇ ಹೆಸರು ಸಾಕಾತೇನು?”

ಪುಣ್ಯಾಕ ಪಟ್ಟಿಯ ಇನ್ನೊಂದು ಪ್ರತಿ ನನ್ನ ಲ್ಯಾಪ್‌ಟಾಪಿನಾಗಿತ್ತು. ಎರಡನೇ ‘ತಗಿ’ಯನ್ನು ಅಲ್ಲೇ ಕುಂತು ‘ಅಳಿಸು’ ಅಂತ ಬದಲಿಸಿದೆ. ಎರಡು ನಿಮಿಷದ ಕೆಲಸ. ನನ್ನಂಥಾಂವಗ ಅದೇನು ದೊಡ್ಡದು! ಆದರ ಅಚ್ಚಾದ ಒಂದೊಂದು ಕೈಪಿಡಿಯಾಗ ಆ ‘ತಗಿ’ ಮೂವತ್ತೊಂದು ಕಡೆ ಕುಂತಿತ್ತು.

ವಾಪಸ್ ಬಂದ ಕೂಡಲೇ ಸಾಹೇಬರು ಒಳಗ ಕರೆದರು. ಮುಖ್ಯಸ್ಥನ ಕುರ್ಚಿ ಕೊಡಲಿಲ್ಲ. ‘ಅಳಿಸು’ ಅಂತ ಅಚ್ಚಾದ ಚೀಟಿಗಳ ಒಂದು ಕಟ್ಟು, ಒಂದು ಕತ್ರಿ, ಒಂದು ಡಬ್ಬಿ ಗೋಂದು ಕೊಟ್ಟರು.