ಚರ್ಮದ ಸೀಟು ಮತ್ತು ತಂಗಿಯ ಹೊಲಿಗೆ

ಬೀದಿಯ ಅಂಗಡಿಗಳ ಶಟರ್ ಇನ್ನೂ ಎದ್ದಿಲ್ಲ. ಸೈಕಲ್ ರಿಪೇರಿ ಅಂಗಡಿಯ ಹಿಂದಿನ ಕೋಣೆಯಲ್ಲಿ ಮಾತ್ರ ದೀಪ ಉರಿಯುತ್ತಿದೆ. ಮರದ ಅಚ್ಚಿಗೆ ಬಿಗಿದ ಒದ್ದೆ ಚರ್ಮದ ಮೇಲೆ ಬಾಗಿ ಕೂತ ಹೆಂಗಸೊಬ್ಬರು, ಅದರ ಸುಕ್ಕನ್ನು ಹೆಬ್ಬೆರಳಿನಿಂದ ಮುಂದಿನ ಚೂಪು ಮೂತಿಯ ಕಡೆಗೆ ಮೆಲ್ಲಗೆ ಸಾಗಿಸುತ್ತಿದ್ದಾರೆ. ಇಟಲಿಯ ಹಳೆಯ ರೇಸ್ ಸೈಕಲ್ಲಿನ ಸೀಟು ಅದು. ನೋಡಲು ಸಣಕಲು, ಕೂತರೆ ಕಲ್ಲು.

"ಇದರ ಮೇಲೆ ಕೂತು ಬೆಟ್ಟ ಹತ್ತಿದವರಿಗೆ ದೊಡ್ಡ ನಮಸ್ಕಾರ," ಎಂದು ನಗುತ್ತಾರೆ. "ಆದ್ರೆ ನೋಡ್ತಾ ಇದ್ರೆ ಎರಡು ಕಣ್ಣು ಸಾಲಲ್ಲ."

ಸುತ್ತಲಿನವರಿಗೆ ಇವರು ಸೀಟಿನಕ್ಕ. ಅಂಗಡಿ ಅಪ್ಪನದು. ದಬ್ಬಳ ಹಿಡಿಯುವುದನ್ನು ಅಪ್ಪ ಇವರಿಗೆ ಕಲಿಸಿದರು, ಇವರು ತಂಗಿಗೆ ಕಲಿಸಿದರು. ಗುಜರಿಯವರ ಕೈಕಾಲು ಹಿಡಿದು ತಂದ ಇಟಲಿಯ ಸೀಟುಗಳು ಗೋಡೆಯ ತುಂಬ ನೇತಾಡುತ್ತಿವೆ. ಯಾವುದನ್ನೂ ಮಾರುವುದಿಲ್ಲ. ಒಂದರ ಬೆನ್ನು ಬಲಕ್ಕೆ ಕುಸಿದಿದೆ. "ಸವಾರನ ಬಲಗಾಲು ಗಿಡ್ಡ ಇತ್ತೋ ಏನೋ, ಪಾಪ," ಎಂದು ಅದನ್ನು ಸವರುತ್ತಾರೆ. ರಿಪೇರಿಗೆ ಬಂದವುಗಳಲ್ಲಿ ವಾರಕ್ಕೆ ಎರಡು ಸೀಟು ಮುಗಿದರೆ ಹೆಚ್ಚು. ಬೆರಳ ತುದಿಗಳು ಸವೆದು ನುಣ್ಣಗಾಗಿವೆ. ಬೆರಳು ಮುಟ್ಟಿದರೆ ತೆರೆಯುವ ಫೋನು ಇವರಿಗೆ ಮಾತ್ರ ತೆರೆಯುವುದಿಲ್ಲ.

ಇಷ್ಟಾದರೂ ಬಾಗಿಲಿಗೆ ಬಂದವರು ಕೇಳುವುದು ಒಂದೇ: "ಚಿಕ್ಕವರಿದ್ದಾರಾ?"

ಅಕ್ಕನಿಗೆ ಉರಿಯುವುದು ಅಲ್ಲಿ. ಅದನ್ನವರು ಮುಚ್ಚಿಡುವುದೂ ಇಲ್ಲ. "ಹೊಟ್ಟೆಕಿಚ್ಚು ಅಂದ್ರೆ ಹೊಟ್ಟೆಕಿಚ್ಚೇ. ಅದಕ್ಕೆ ಬೇರೆ ಹೆಸರು ಯಾಕೆ ಇಡೋದು?"

ಒಂದು ಕಾಲಕ್ಕೆ ಸೈಕಲ್ ರೇಸಿಗೆ ಇಳಿಯುತ್ತಿದ್ದ ತಾತನೊಬ್ಬರ ಹತ್ತಿರ ಒಂದು ಸೀಟಿದೆ. ಕಂದು ಚರ್ಮ, ಹಿಂಬದಿಯಲ್ಲಿ ಹಿತ್ತಾಳೆಯ ಪುಟ್ಟ ತಗಡು. ಕೊಡಿ ಎಂದು ಅಕ್ಕ ವರ್ಷಗಟ್ಟಲೆ ಗೋಗರೆದಿದ್ದಾರೆ. ತಾತ ಜಪ್ಪಯ್ಯ ಅಂದರೂ ಬಿಟ್ಟಿಲ್ಲ. ಕಳೆದ ತಿಂಗಳು ಅದರ ಹೊಲಿಗೆ ಬಿಚ್ಚಿಕೊಂಡಿತು. ತಾತ ಅದನ್ನು ತಂದು ಅಕ್ಕನ ಕೈಗೇ ಕೊಟ್ಟು, "ಇದನ್ನ ನಿನ್ನ ತಂಗೀನೇ ಮಾಡ್ಲಮ್ಮ," ಅಂದರು.

"ಆಯ್ತು ತಾತ ಅಂದೆ. ಒಳಗೆ ಕೆಂಡ ಸುರಿದ ಹಾಗಾಯ್ತು."

ಎರಡು ದಿನ ಅಕ್ಕ ತಂಗಿಯ ಮುಖ ನೋಡಲಿಲ್ಲ. ಊಟವನ್ನೂ ಒಬ್ಬರೇ ಮಾಡಿದರು. ಮೂರನೆಯ ದಿನ ಬೆಳಿಗ್ಗೆ ತಂಗಿ ಬಾಗಿಲಲ್ಲಿ ನಿಂತಿದ್ದರು. "ಅಕ್ಕಾ, ಸ್ವಲ್ಪ ಬಾರೇ. ತಾತನ ಸೀಟನ್ನ ಬಿಸಿಲಿಗಿಟ್ಟು ಮೈಮರೆತೆ. ಮೂತಿ ಸೊಟ್ಟಗಾಗಿದೆ."

"ಸುಳ್ಳು ಯಾಕೆ ಹೇಳ್ಲಿ, ಮೊದಲು ಖುಷಿ ಆಯ್ತು," ಎನ್ನುತ್ತಾರೆ ಅಕ್ಕ. "ಆಮೇಲೆ ಸೀಟು ನೋಡಿದೆ. ತಂಗಿ ಮೇಲಿನ ಸಿಟ್ಟಿಗೆ ಅದನ್ನ ಸಾಯಿಸೋಕಾಗುತ್ತಾ?"

ಒದ್ದೆ ಬಟ್ಟೆ ಸುತ್ತಿ, ಅಚ್ಚಿಗೆ ಕಟ್ಟಿ, ಚರ್ಮ ಮೆದುವಾದಷ್ಟೇ ಎಳೆಯುತ್ತ ಅಕ್ಕ ದಿನವಿಡೀ ಕೂತರು. ತಂಗಿ ಪಕ್ಕದಲ್ಲಿ ದಾರಕ್ಕೆ ಮೇಣ ಸವರುತ್ತಿದ್ದರು. ಸಂಜೆಯ ಹೊತ್ತಿಗೆ ಮೂತಿ ನೆಟ್ಟಗಾಯಿತು. ಒಣಗಿದ ಮೇಲೆ ತಂಗಿ ಹೊಲಿದರು.

ತಾತ ಬಂದು ಸೀಟು ಸವರಿ ಕಣ್ಣೊರೆಸಿಕೊಂಡರು. "ಮೂತಿ ಉಳಿಸಿದ್ದು ಅಕ್ಕ. ನಾನು ಹಾಳು ಮಾಡಿದ್ದೆ. ಹೊಲಿಗೆ ಅಷ್ಟೇ ನಂದು," ಎಂದು ತಂಗಿ ಹೇಳಿಯೇ ಹೇಳಿದರು. ತಾತ ತಲೆಯಾಡಿಸಿದರು. ಕೈ ಹಿಡಿದುಕೊಂಡಿದ್ದು ಮಾತ್ರ ತಂಗಿಯದು.

ಅಕ್ಕನಿಗೆ ಅದಕ್ಕಿಂತ ಹೆಚ್ಚು ಚುಚ್ಚಿದ್ದು ಬೇರೆ. "ಸೀಟು ಕೊಡೋ ಮುಂಚೆ ಹೊಲಿಗೆ ನೋಡಿದೆ. ಹಳೇ ತೂತುಗಳಲ್ಲೇ ದಾರ ಹಾಯಿಸಿದ್ಲು, ಒಂದು ಹೊಸ ತೂತಿಲ್ಲ. ನನ್ನ ಕೈಲಿ ಅದು ಈ ಜನ್ಮಕ್ಕೆ ಆಗಲ್ಲ. ತಾತ ಕೇಳಿದ್ದು ಸರಿಯಾಗೇ ಇತ್ತು. ಅದೇ ಸಂಕಟ."

ಮುಂದಿನ ಕೋಣೆಯಲ್ಲಿ ತಂಗಿಯ ಸುತ್ತಿಗೆಯ ಸದ್ದು ಶುರುವಾಗಿದೆ. ಏನಾದರೂ ಆಸೆ ಉಳಿದಿದೆಯೇ ಎಂದು ಕೇಳಿದರೆ ಅಕ್ಕ ಬಾಗಿಲ ಕಡೆ ನೋಡಿ ದನಿ ತಗ್ಗಿಸುತ್ತಾರೆ.

"ನನ್ನ ಕೆಲಸ ನೋಡಿ ಅವಳಿಗೂ ಒಂದು ಸಲ ಹೊಟ್ಟೆ ಉರೀಬೇಕು. ಒಂದೇ ಸಲ ಸಾಕು."