ನಕ್ಷೆ ಭಾವ ಮತ್ತು ಆಮೆಬಂಡೆ

ಬಂದರಿನ ಎದುರಿನ ಹಳದಿ ಕಟ್ಟಡದ ಮೂರನೇ ಮಹಡಿಯಲ್ಲಿ ಮೂವತ್ತೊಂದು ವರ್ಷ ಸಮುದ್ರದ ನಕ್ಷೆ ಬರೆದವನನ್ನು ಎಲ್ಲರೂ ಕರೆಯುತ್ತಿದ್ದುದು ನಕ್ಷೆ ಭಾವ ಎಂದು. ಆ ಹೆಸರು ಅಂಟಿಸಿದವನು ಅವನ ಹೆಂಡತಿಯ ತಮ್ಮ, ಸರಕು ದೋಣಿಯ ಚಾಲಕ. ದಕ್ಕೆಯ ಮೇಲೆ ನಿಂತು ಅವನು ‘ಭಾವಾ’ ಎಂದು ಒಂದು ಕೂಗು ಹಾಕಿದರೆ ಮೂರೂ ಮಹಡಿಗೆ ಕೇಳುತ್ತಿತ್ತು. ವರ್ಷ ತುಂಬುವುದರೊಳಗೆ ಮೇಲಧಿಕಾರಿಯಿಂದ ಹಿಡಿದು ನೆಲ ಒರೆಸುವವಳವರೆಗೆ ಎಲ್ಲರಿಗೂ ಅವನು ಭಾವನೇ ಆದ. ಊರಿಗೆಲ್ಲ ಭಾವ ಆಗಿದ್ದು ಸಾಕು, ಮನೆಗೆ ಬಂದ ಮೇಲಾದರೂ ಗಂಡ ಆಗಿರಿ ಎಂದು ಹೆಂಡತಿ ಆಗಾಗ ಕುಟುಕುತ್ತಿದ್ದಳು.

ಮನುಷ್ಯ ಮಹಾ ಕರಾರುವಾಕ್ಕು. ಗೋಡೆಯ ಕ್ಯಾಲೆಂಡರು ಒಂದಿಷ್ಟು ಓರೆಯಾಗಿದ್ದರೂ ಊಟದ ತಟ್ಟೆ ಬಿಟ್ಟು ಎದ್ದುಹೋಗಿ ನೆಟ್ಟಗೆ ಮಾಡಿ ಬರುವವನು. ಎಲ್ಲಿ ಎಷ್ಟು ಆಳ, ಎಲ್ಲಿ ಮರಳು ಕೂತಿದೆ ಎಂದು ದೋಣಿಯವರು ಬಂದು ಕೇಳಿದರೆ ಅವನದು ಒಂದೇ ಉತ್ತರ: ನಕ್ಷೆ ನೋಡಿಕೋ. ಬಾಯಿ ತಪ್ಪಬಹುದು, ತಾನು ಬರೆದ ನಕ್ಷೆ ತಪ್ಪುವುದಿಲ್ಲ ಎಂಬುದು ಅವನ ನಂಬಿಕೆ. ಸೊಕ್ಕು ಎಂದರೂ ಸರಿಯೇ, ಆದರೆ ಆ ಸೊಕ್ಕಿಗೆ ಅವನು ಕಣ್ಣಿನ ಪೊರೆಯ ತನಕ ಬೆಲೆ ತೆತ್ತಿದ್ದ. ಮನೆಯಲ್ಲಿ ಉಪ್ಪಿನ ಡಬ್ಬಿ ಎಲ್ಲಿ ಎಂದು ಅವನು ಕೇಳಿದರೆ ಹೆಂಡತಿಯೂ ಅದೇ ಮಾತು ತಿರುಗಿಸಿ ಹೇಳುತ್ತಿದ್ದಳು.

ದಡದಿಂದ ಒಂಬತ್ತು ಮೈಲಿ ಆಚೆ ಆಮೆಬಂಡೆ ಎಂಬುದೊಂದಿತ್ತು. ಉಬ್ಬರದಲ್ಲಿ ಮುಳುಗಿ, ಇಳಿತದಲ್ಲಿ ಬೆನ್ನು ತೋರಿಸುವ ಕಲ್ಲು. ಹತ್ತು ಜನ ನಿಲ್ಲಲಾರದ ಆ ಕಲ್ಲಿನ ಮೇಲೆ ಎರಡು ದೇಶಗಳ ಜಗಳ ನಿಂತಿತ್ತು. ಇಳಿತದಲ್ಲಾದರೂ ತಲೆ ಎತ್ತುವ ಬಂಡೆಯಿಂದ ದೇಶದ ಸಮುದ್ರವನ್ನು ಅಳೆಯಬಹುದು, ಸದಾ ಮುಳುಗಿರುವ ಬಂಡೆಯಿಂದ ಅಳೆಯುವ ಹಾಗಿಲ್ಲ ಎಂಬುದು ಜಗತ್ತು ಒಪ್ಪಿಕೊಂಡ ಕಾನೂನು. ಒಂದು ವರ್ಷ ಅಳತೆಗೆ ಹೋದವರು ಬರಿಗೈಯಲ್ಲಿ ಬಂದರು. ಅತಿ ದೊಡ್ಡ ಇಳಿತದಲ್ಲೂ ಕಲ್ಲಿನ ಮೇಲೆ ಒಂದು ಗೇಣು ನೀರು ನಿಂತಿತ್ತು. ಆಮೆ ತಲೆ ಒಳಗೆಳೆದುಕೊಂಡಿದೆ ಎಂದು ಕಚೇರಿಯಲ್ಲಿ ನಕ್ಕರು. ಭಾವ ನಗಲಿಲ್ಲ. ಹಳೆಯ ಗುರುತು ಅಳಿಸಿ, ಮುಳುಗಿದ ಬಂಡೆಗೆ ಹಾಕುವ ಅಪಾಯದ ಗುರುತು ಹಾಕಲು ಪೆನ್ನು ತೆಗೆದ.

ಅಷ್ಟರಲ್ಲಿ ರಾಜಧಾನಿಯಿಂದ ಕಾನೂನು ಸಲಹೆಗಾರ್ತಿ ಬಂದಳು. ಕುರ್ಚಿ ಎಳೆದುಕೊಂಡು ಅವನ ಮೇಜಿನ ಪಕ್ಕವೇ ಕೂತು, ಮಗುವಿಗೆ ಹೇಳುವ ಹಾಗೆ ಬಿಡಿಸಿ ಹೇಳಿದಳು. ಸಮುದ್ರ ಏರುತ್ತಿದೆ. ನೆಲ ಮುಳುಗಿದರೆ ಗಡಿಯ ಗೆರೆಯೂ ಹಿಂದೆ ಸರಿಯಬೇಕೋ, ಒಮ್ಮೆ ಬರೆದು ಜಗತ್ತಿಗೆ ಒಪ್ಪಿಸಿದ ಗೆರೆ ಹಾಗೇ ನಿಲ್ಲಬೇಕೋ ಎಂಬ ವಾದ ಎಲ್ಲ ಕಡೆ ನಡೆದಿದೆ. ನಿಲ್ಲಬೇಕು ಎನ್ನುವವರು ದಿನದಿನಕ್ಕೆ ಹೆಚ್ಚುತ್ತಿದ್ದಾರೆ, ಆದರೆ ಜಗತ್ತಿನ ದೊಡ್ಡ ನ್ಯಾಯಾಲಯದಲ್ಲಿರುವ ನಮ್ಮ ಮೊಕದ್ದಮೆಯಲ್ಲಿ ತೀರ್ಪು ಬಂದಿಲ್ಲ. ಈಗ ನಮ್ಮದೇ ಕಚೇರಿ ಬಂಡೆ ಮುಳುಗಿತು ಎಂದು ಅಚ್ಚು ಹಾಕಿದರೆ, ಕೋಲು ಕೊಟ್ಟು ಹೊಡೆಸಿಕೊಂಡ ಹಾಗೆ. ಹೊಗೆ ಬಿಟ್ಟವರು ಯಾರೋ, ಮೀನು ಕಳೆದುಕೊಳ್ಳುವವರು ನಾವು ಎಂದಳು. ಅದು ಭಾವನಿಗೂ ನ್ಯಾಯವೆಂದೇ ಕಂಡಿತು.

ಆದರೂ ಒಂದು ಮಾತು ಕೇಳಿದ. ‘ಗೆರೆ ನಿಮ್ಮದು ಮೇಡಂ, ಅದು ಅಲ್ಲೇ ಇರ್ಲಿ. ಬಂಡೆ ದೋಣಿಯವರದು. ಅದನ್ನ ಮಾತ್ರ ನಕ್ಷೇಲಿ ಮುಳುಗಿಸ್ತೀನಿ.’

ಮೇಲಿನವರನ್ನು ಕೇಳುತ್ತೇನೆ ಎಂದು ಆಕೆ ಬರೆದುಕೊಂಡು ಹೋದಳು. ಉತ್ತರ ಬರುವ ತನಕ ನಕ್ಷೆ ಮುಟ್ಟಬಾರದು, ಹೊರಗೆ ತುಟಿ ಪಿಟಕ್ಕೆನ್ನಬಾರದು ಎಂದು ಕಚೇರಿಯವರು ಅವನಿಂದ ಕಾಗದಕ್ಕೆ ಸಹಿ ಮಾಡಿಸಿಕೊಂಡರು. ಎರಡು ವರ್ಷ ಉತ್ತರ ಬರಲಿಲ್ಲ. ಆ ಕಡೆ ಓಡಾಡುತ್ತಿದ್ದ ಹಳೆಯ ಚಾಲಕರಿಗೆ ಸಂಗತಿ ಹೇಗೂ ಗೊತ್ತಿತ್ತು. ಗೊತ್ತಿದ್ದವರಿಗೆ ನಕ್ಷೆ ಬೇಡ ಎಂದು ಭಾವ ತನಗೆ ತಾನೇ ಸಮಾಧಾನ ಹೇಳಿಕೊಂಡ.

ಬಾಮೈದ ಓಡಿಸುತ್ತಿದ್ದುದು ಉತ್ತರದ ದಾರಿ. ಒಂದು ಸಂಜೆ ಫೋನ್ ಮಾಡಿದ. ಇನ್ನೊಬ್ಬ ಚಾಲಕನಿಗೆ ಜ್ವರ, ನಾಳೆ ಆಮೆಬಂಡೆಯ ದಾರಿ ತನ್ನ ಪಾಲಿಗೆ ಬಂದಿದೆ, ಇಳಿತದಲ್ಲಿ ಬಂಡೆ ಚೆನ್ನಾಗಿ ಕಾಣುತ್ತದೆಯೇ ಎಂದು ಕೇಳಿದ. ಭಾವನ ಕಣ್ಣ ಮುಂದೆ ಸಹಿ ಮಾಡಿದ ಕಾಗದ ಬಂತು. ಬಾಯಿಗೆ ಬಂದದ್ದು ಮೂವತ್ತೊಂದು ವರ್ಷದ ಅಭ್ಯಾಸ.

‘ನಕ್ಷೆ ನೋಡ್ಕೋ’ ಅಂದ.

ಬಾಮೈದ ನೋಡಿಕೊಂಡ. ಮರುದಿನ ಬೆಳಗ್ಗೆ ಹತ್ತು ಗಂಟೆ, ಶುಭ್ರ ಬಿಸಿಲು, ಪೂರ್ತಿ ಇಳಿತ. ಬಂಡೆ ಕಂಡ ಕೂಡಲೇ ಎಡಕ್ಕೆ ತಿರುಗಿಸಬೇಕೆಂದು ಕಣ್ಣು ಕೀಲಿಸಿಕೊಂಡು ಹೋದ. ಬಂಡೆ ಕಾಣಲಿಲ್ಲ, ಹಾಗಾದರೆ ಇನ್ನೂ ದೂರವಿದೆ ಎಂದುಕೊಂಡ. ದೋಣಿಯ ಹೊಟ್ಟೆ ಸೀಳಿತು. ಜೊತೆಗಿದ್ದ ಇಬ್ಬರು ಅವನನ್ನೂ ಹಿಡಿದುಕೊಂಡು ಈಜುತ್ತಿದ್ದಾಗ ಮೀನು ದೋಣಿಯೊಂದು ಬಂದು ಎತ್ತಿಕೊಂಡಿತು. ಅವನ ಬಲಗಾಲು ಎರಡು ಕಡೆ ಮುರಿಯಿತು.

ವಿಚಾರಣೆ ಕೂತಿತು. ಹಾಡಹಗಲಲ್ಲಿ, ಇಳಿತದಲ್ಲಿ ಎದ್ದು ಕಾಣುವ ಬಂಡೆಗೆ ಗುದ್ದಿದವನ ಪರವಾನಗಿ ಉಳಿಯುವುದಿಲ್ಲ. ಬಂಡೆ ಕಾಣುತ್ತಿರಲಿಲ್ಲ ಎಂದಾದರೆ ಉಳಿಯುತ್ತದೆ. ಆದರೆ ಹಾಗೆ ಹೇಳಿದ್ದು ಕಡತಕ್ಕೆ ಹೋಗುತ್ತದೆ, ಕಡತ ಎದುರು ದೇಶದ ವಕೀಲರ ಕೈಗೆ ಹೋಗುತ್ತದೆ. ನಕ್ಷೆಯ ಬಗ್ಗೆ ಹೇಳಲು ಭಾವನನ್ನು ಕರೆದರು. ನಕ್ಷೆ ಅಧಿಕೃತವಾದದ್ದು ಎಂದಷ್ಟೇ ಹೇಳಿ ಸುಮ್ಮನಾಗಿ ಎಂದು ಮೇಲಧಿಕಾರಿ ಹಿಂದಿನ ದಿನವೇ ಹೇಳಿದ್ದ. ಹೆಂಡತಿ ತಮ್ಮನ ಎಕ್ಸ್-ರೇ ಹಾಳೆಯನ್ನು ಊಟದ ಮೇಜಿನ ಮೇಲೆ ಬಿಟ್ಟು ಮಲಗಲು ಹೋಗಿದ್ದಳು.

ಬಂಡೆ ಕಾಣುತ್ತಿತ್ತೇ ಎಂದು ಅಧ್ಯಕ್ಷರು ಕೇಳಿದರು. ಊರುಗೋಲು ಹಿಡಿದು ಎದುರಿಗೆ ಕೂತಿದ್ದ ಬಾಮೈದ ನೆಲ ನೋಡುತ್ತಿದ್ದ. ಫೋನಿನ ಸಂಗತಿಯನ್ನು ಅವನು ಅದುವರೆಗೂ ಯಾರಿಗೂ ಹೇಳಿರಲಿಲ್ಲ. ಅಕ್ಕನಿಗೂ ಹೇಳಿರಲಿಲ್ಲ. ಅದು ಭಾವನಿಗೆ ಗೊತ್ತಿತ್ತು.

‘ಕಾಣ್ತಿರಲಿಲ್ಲ’ ಎಂದ ಭಾವ. ‘ಎರಡು ವರ್ಷದಿಂದ ಗೇಣು ನೀರಿನ ಕೆಳಗಿದೆ. ನನಗೆ ಗೊತ್ತಿತ್ತು. ಹಿಂದಿನ ಸಂಜೆ ಇವನು ನನ್ನನ್ನೇ ಕೇಳಿದ. ನಕ್ಷೆ ನೋಡ್ಕೋ ಅಂದೆ.’

ಪರವಾನಗಿ ಉಳಿಯಿತು. ಭಾವನ ಹೇಳಿಕೆಯನ್ನು ಎದುರು ದೇಶದವರು ದೊಡ್ಡ ನ್ಯಾಯಾಲಯದಲ್ಲಿ ಓದಿಸಿದರು, ಇಲ್ಲಿನ ಪತ್ರಿಕೆಗಳು ಅವನನ್ನು ಮನೆಮುರುಕ ಎಂದವು. ನಿವೃತ್ತಿಗೆ ಉಳಿದಿದ್ದ ಏಳು ತಿಂಗಳನ್ನು ಅವನು ನೆಲಮಾಳಿಗೆಯ ಕಡತಗಳ ಕೋಣೆಯಲ್ಲಿ, ಗೆದ್ದಲು ಕೊಡವುತ್ತ ಕಳೆದ. ಆ ನಡುವೆ ಮೇಲಿನಿಂದ ಉತ್ತರವೂ ಬಂತು: ಗೆರೆ ಇದ್ದಲ್ಲೇ ಇರಲಿ, ಬಂಡೆಗೆ ಅಪಾಯದ ಗುರುತು ಹಾಕಿ. ಹೊಸ ನಕ್ಷೆಯನ್ನು ಬೇರೆಯವರು ಬರೆದರು. ಮೊಕದ್ದಮೆ ಇನ್ನೂ ನಡೆದಿದೆ, ಗೆರೆ ನಿಲ್ಲುತ್ತದೋ ಸರಿಯುತ್ತದೋ ಯಾರಿಗೂ ಗೊತ್ತಿಲ್ಲ.

ಬಾಮೈದ ಕುಂಟುತ್ತ ಕೆಲಸಕ್ಕೆ ಮರಳಿದ. ದಕ್ಕೆಯ ಮೇಲಿನ ಕೂಗು ಮಾತ್ರ ನಿಂತುಹೋಗಿತ್ತು. ಮನೆಗೆ ಬಂದಾಗ ಅಕ್ಕನ ಹತ್ತಿರ ನಾಲ್ಕು ಮಾತಾಡಿ ಎದ್ದು ಹೋಗುತ್ತಿದ್ದ. ಭಾವನಿಗೂ ಯಾಕೆಂದು ಕೇಳುವ ಮುಖವಿರಲಿಲ್ಲ.

ನಿವೃತ್ತಿಯಾಗಿ ತಿಂಗಳಾಗಿತ್ತು. ಒಂದು ಸಂಜೆ ಫೋನ್ ಬಂತು. ನಾಳೆ ಆಮೆಬಂಡೆಯ ದಾರಿ, ನೀರು ಎಷ್ಟಿರುತ್ತದೆ, ಎಲ್ಲಿ ತಿರುಗಿಸಬೇಕು ಎಂದು ಬಾಮೈದ ಕೇಳಿದ. ಭಾವ ನಿಂತಲ್ಲೇ ಎಲ್ಲ ಹೇಳಿದ: ಆಳ, ದಿಕ್ಕು, ಇಳಿತದ ಗಳಿಗೆ, ದೀಪಸ್ತಂಭ ಯಾವ ಕೈಗೆ ಬಂದಾಗ ತಿರುಗಬೇಕು ಎಂಬುದರ ತನಕ.

‘ಹೊಸ ನಕ್ಷೆ ನನ್ನ ಮುಂದೇನೇ ಇದೆ ಭಾವ’ ಎಂದ ಬಾಮೈದ. ‘ನಿಮ್ಮ ಬಾಯಲ್ಲಿ ಕೇಳ್ಬೇಕಿತ್ತು.’

ಭಾವ ಕುರ್ಚಿ ಎಳೆದುಕೊಂಡು ಕೂತ. ಇನ್ನೊಂದು ಸಲ ಮೊದಲಿನಿಂದ ಹೇಳಿದ.