ಹೆಸರು ಸಮೇತ ಮಾರಿದ ಸೋಡಾ ಮಷೀನು

ಕುರುಗೋಡಿನಲ್ಲಿ ಗಂಡುಮಗು ಹುಟ್ಟಿದರೆ ಹೆಸರಿಗಾಗಿ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಊರ ದೇವರು ದೊಡ್ಡಬಸವೇಶ್ವರ, ಅವನು ಕೊಟ್ಟದ್ದು ಅವನ ಹೆಸರಿಗೇ ಜಮಾ. ದೊಡ್ಡಬಸಪ್ಪ, ಮರಿಬಸಪ್ಪ, ಬರೀ ಬಸಪ್ಪ, ಇಷ್ಟರಲ್ಲೇ ಅರ್ಧ ಊರು ಮುಗಿಯುತ್ತದೆ. ಸಂತೆಯಲ್ಲಿ ನಿಂತು "ಮರಿಬಸಪ್ಪಾ" ಎಂದು ಕೂಗಿ ನೋಡಿ, ಸೊಪ್ಪು ಮಾರುವವನೂ ಓಗೊಡುತ್ತಾನೆ, ಕೊಳ್ಳುವವನೂ ಓಗೊಡುತ್ತಾನೆ. ಅದಕ್ಕೇ ದೇವರ ಹೆಸರಿನ ಮುಂದೆ ಜನ ತಮ್ಮದೊಂದು ಹೆಸರು ಅಂಟಿಸುತ್ತಾರೆ. ಲಾರಿ ಓಡಿಸಿದವನು ಲಾರಿ ಮರಿಬಸಪ್ಪ, ಟಪಾಲು ಹಂಚಿದವನು ಪೋಸ್ಟ್ ಮರಿಬಸಪ್ಪ. ನಮ್ಮವನ ಪಾಲಿಗೆ ಬಂದದ್ದು ಸೋಡಾ.

ಅದರಲ್ಲಿ ಅವನ ತಪ್ಪೇನೂ ಇರಲಿಲ್ಲ. ಅವನ ಅಪ್ಪ ಬಳ್ಳಾರಿಗೆ ಬಂದು ಕೌಲ್ ಬಜಾರಿನಲ್ಲಿ ಗೋಲಿ ಸೋಡಾದ ಅಂಗಡಿ ಇಟ್ಟ. ಬಳ್ಳಾರಿಯ ಬಿಸಿಲಿನಲ್ಲಿ ಸೋಡಾ ಮಾರುವುದಕ್ಕೆ ದೊಡ್ಡ ಜಾಣತನವೇನೂ ಬೇಕಿರಲಿಲ್ಲ, ಬಾಗಿಲು ತೆರೆದಿದ್ದರೆ ಸಾಕಿತ್ತು. ಅಪ್ಪ ಸತ್ತಾಗ ಮಗನಿಗೆ ಮಷೀನೂ ಬಂತು, ಹೆಸರೂ ಬಂತು. ಪ್ಲಾಸ್ಟಿಕ್ ಬಾಟಲಿಗಳು ಬಂದ ಮೇಲೆ ಮರಿಬಸಪ್ಪ ಸೋಡಾ ಬಿಟ್ಟು, ಊರ ತುಂಬ ಹುಟ್ಟಿಕೊಂಡ ಜೀನ್ಸ್ ಹೊಲಿಯುವ ಘಟಕಗಳಿಗೆ ಜಿಪ್ಪು, ಗುಂಡಿ ಮಾರತೊಡಗಿದ. ವ್ಯಾಪಾರ ಕುದುರಿತು, ಮನೆ ಮುಂದಿನ ಕೋಣೆಯೇ ಅಂಗಡಿಯಾಯಿತು. ಅವನ ಜಿಪ್ಪು ಹಾಕಿಕೊಂಡ ಪ್ಯಾಂಟುಗಳು ದೇಶದ ತುಂಬ ತಿರುಗಾಡಿದವು. ಆದರೂ ಕೌಲ್ ಬಜಾರಿನ ಪಾಲಿಗೆ ಅವನು ಸೋಡಾ ಮರಿಬಸಪ್ಪ, ಮುನಿಸು ಬಂದವರಿಗೆ ಬರೀ ಸೋಡಾ. "ಸೋಡಾನ ಅಂಗಡ್ಯಾಗ ಜಿಪ್ಪು ಛಲೋ ಸಿಗ್ತಾವು" ಎಂದು ಗಿರಾಕಿಗಳು ಒಬ್ಬರಿಗೊಬ್ಬರು ಹೇಳುತ್ತಿದ್ದರು. ಹೊಗಳಿಕೆಯೇ ಹೌದು, ಆದರೆ ಮರಿಬಸಪ್ಪನಿಗೆ ಮೈಯೆಲ್ಲ ಉರಿಯುತ್ತಿತ್ತು. ಸಾಯುವುದರೊಳಗೆ ನಾಲ್ಕು ಜನರ ಬಾಯಲ್ಲಿ ತನ್ನ ಹೆಸರು ಶುದ್ಧವಾಗಿ, ಗ್ಯಾಸಿಲ್ಲದೆ ಬರಬೇಕು ಎಂಬುದೊಂದೇ ಅವನ ಆಸೆ.

ಎಲ್ಲಕ್ಕೂ ಮೂಲ ಆ ಮಷೀನು ಎಂದು ಅವನು ತೀರ್ಮಾನಿಸಿದ. ಅದು ಇನ್ನೂ ಪಡಸಾಲೆಯಲ್ಲೇ ನಿಂತಿತ್ತು. ಕಬ್ಬಿಣದ ಕಾಲು, ನಡುವೆ ಬಾಟಲಿಗಳನ್ನು ಕೂಡಿಸಿ ಗರಗರ ತಿರುಗಿಸುವ ಮರದ ಪೆಟ್ಟಿಗೆ, ಪಕ್ಕದಲ್ಲಿ ಹಿಡಿಕೆ, ಮೇಲೆ ಹಿತ್ತಾಳೆಯ ಮೀಟರು. ಹೆಂಡತಿ ಕೊಟ್ರಬಸಮ್ಮ ಅದರ ಮೇಲೆ ಹಪ್ಪಳ ಒಣಗಿಸುತ್ತಿದ್ದಳು. ಗುಜರಿಯವನಿಗೆ ಕೊಟ್ಟುಬಿಡುತ್ತೇನೆಂದು ಹೊರಟವನನ್ನು ತಡೆದದ್ದು ಎದುರಿನ ಲೇತ್ ಅಂಗಡಿಯ ಓಬಣ್ಣ.

"ಹುಚ್ಚದೀಯೇನಲೇ? ಗುಜರಿಗಿ ಹಾಕಿದ್ರ ನಾಳಿಂದ ನೀನು ಗುಜರಿ ಮರಿಬಸಪ್ಪ ಆಕ್ಕೀ. ಸೋಡಾನಾದ್ರೂ ತಣ್ಣಗಿತ್ತು."

ಓಬಣ್ಣನ ಮಾತಿನಲ್ಲಿ ನ್ಯಾಯವಿತ್ತು. ಕೌಲ್ ಬಜಾರು ಹೆಸರಿಡುವುದರಲ್ಲಿ ಯಾರಿಗೂ ಕಡಿಮೆ ಮಾಡಿದ್ದಿಲ್ಲ. ಮಷೀನು ಮರ್ಯಾದಸ್ಥರ ಮನೆ ಸೇರಬೇಕು, ಅದಕ್ಕೆ ಮೊದಲು ರಿಪೇರಿಯಾಗಬೇಕು ಎಂದಾಯಿತು. ಓಬಣ್ಣ ತುಕ್ಕು ತಿಕ್ಕಿದ, ಸವೆದ ಬೇರಿಂಗು ಬದಲಿಸಿದ, ಮರದ ಪೆಟ್ಟಿಗೆಗೆ ಹೊಸ ಹಲಗೆ ಕೂಡಿಸಿದ. ಮರಿಬಸಪ್ಪ ಹುಣಸೆಹಣ್ಣು ಹಚ್ಚಿ ಮೀಟರನ್ನು ದೇವರ ಪಾತ್ರೆಗಿಂತ ಹೆಚ್ಚು ಬೆಳಗಿದ. ಗೋಲಿ ಬಾಟಲಿಗಳು ಮಾತ್ರ ಎಲ್ಲೂ ಸಿಗಲಿಲ್ಲ. ಕೊನೆಗೆ ಹೆಂಡತಿಯ ತವರಾದ ಸಿರುಗುಪ್ಪದಲ್ಲಿ, ಭಾವಮೈದ ಚಂದ್ರಣ್ಣನ ಅಕ್ಕಿ ಗಿರಣಿಯ ಹಿಂದೆ, ತೌಡಿನ ಚೀಲಗಳ ಸಂದಿಯಲ್ಲಿ ಒಂದು ಪೆಟ್ಟಿಗೆ ಸಿಕ್ಕಿತು. ತರಲು ಹೋದಾಗ ಗಿರಣಿಯ ಹಮಾಲರೆಲ್ಲ ಎದ್ದು ನಿಂತು, "ಸೋಡಾ ಮಾವ ಬಂದ್ರು, ಕುರ್ಚಿ ಹಾಕ್ರಿ" ಎಂದರು. ಅಲ್ಲಿಗೂ ಹೆಸರು ಅವನಿಗಿಂತ ಮೊದಲೇ ಬಸ್ಸು ಹತ್ತಿ ಹೋಗಿತ್ತು.

ಗ್ಯಾಸಿನ ಸಿಲಿಂಡರು ಜೋಡಿಸಿ ಮೊದಲ ಬಾಟಲಿ ತುಂಬಿದ ದಿನ ಓಣಿಯೆಲ್ಲ ಸೇರಿತು. ಮರಿಬಸಪ್ಪ ಹೆಬ್ಬೆರಳಿನಿಂದ ಗೋಲಿ ಒತ್ತಿದ. 'ಕೀಂಯ್' ಎಂದು ಅದು ಕೂಗಿದ್ದೇ ತಡ, ಜೀನ್ಸ್ ಘಟಕದ ಹೆಂಗಸರು ಹೊಲಿಗೆ ಬಿಟ್ಟು ಬಂದರು, ಆಟೋದವರು ಸವಾರಿ ಬಿಟ್ಟು ಬಂದರು. ಉಪ್ಪು, ನಿಂಬೆ ಹಾಕಿ ಕೊಟ್ಟ ಸೋಡಾ ಕುಡಿದು ತೇಗಿ, ಎಲ್ಲರೂ ಒಂದೇ ಬಾಯಲ್ಲಿ ಹೊಗಳಿದರು. ಏನೆಂದು? ಸೋಡಾ ಅಂದರೆ ನಮ್ಮ ಸೋಡಾ ಮರಿಬಸಪ್ಪಂದು. ಹೆಸರು ಕಳೆಯಲು ಹೊರಟವನು ಮರೆತವರಿಗೂ ನೆನಪು ಮಾಡಿಕೊಟ್ಟಿದ್ದ. ಆ ದಿನ ಅವನಿಗೆ ಖುಷಿಯಾದದ್ದು ನಿಜ. ಖುಷಿಯಾಯಿತಲ್ಲ ಎಂದು ತನ್ನ ಮೇಲೆ ತನಗೇ ಸಿಟ್ಟು ಬಂದದ್ದೂ ನಿಜ.

ಕೊಳ್ಳಲು ಬಂದವನು ಅಕ್ಷೋಭ್ಯ. ಗಾಂಧಿ ಟೋಪಿ ಹಾಕುತ್ತಿದ್ದ ಗುಮಾಸ್ತರೊಬ್ಬರ ಮೊಮ್ಮಗ, ಕಾಲೇಜು ಮೇಷ್ಟರೊಬ್ಬರ ಮಗ, ಕಂಟೋನ್ಮೆಂಟಿನ ಹಳೇ ಬಂಗಲೆಯೊಂದರಲ್ಲಿ ಹೊಸದಾಗಿ ಕೆಫೆ ತೆರೆದಿದ್ದ. ಈಗಿನ ಜನಕ್ಕೆ ಹೊಸ ಜಾಗದಲ್ಲಿ ಹಳೇ ಸಾಮಾನು ಕಂಡರೆ ಹಸಿವಾಗುತ್ತದೆ, ಅದು ಅವನಿಗೆ ಗೊತ್ತಿತ್ತು. ಮಷೀನಿನ ಸುತ್ತ ಪ್ರದಕ್ಷಿಣೆ ಹಾಕಿ, "ಎಷ್ಟು ಛಂದ ಅದರೀ ಇದು! ಇದಕ್ಕ ಒಂದು ಕಥಿ ಬೇಕು ನೋಡ್ರಿ. ನಾ ಬರೀ ಮಷೀನು ಒಯ್ಯಂಗಿಲ್ಲ, ನಿಮ್ಮ ಹೆಸರು ಸಮೇತ ಒಯ್ಯತೀನಿ. ಸೋಡಾ ಮರಿಬಸಪ್ಪ ಅಂತ ಮ್ಯಾಲೆ ಬರಸ್ತೀನಿ. ನಡೀತದೇನ್ರಿ?" ಎಂದ.

ಮರಿಬಸಪ್ಪನಿಗೆ ಕುಡಿಯುವ ನೀರು ಕೇಳಿದರೆ ಮಜ್ಜಿಗೆ ಕೊಟ್ಟಂತಾಯಿತು.

"ಒಯ್ಯಿರಿ ಮಾರಾಯರ, ಹೆಸರು ಸಮೇತ ಒಯ್ಯಿರಿ. ಇವತ್ತಿನಿಂದ ಸೋಡಾ ಅನ್ನೂದು ನಿಮ್ದು, ನನಗ ಸಂಬಂಧ ಇಲ್ಲ. ಓಬಣ್ಣ, ನೀನು ಸಾಕ್ಷಿ ನೋಡು."

ರೇಟಿನ ಮಾತನ್ನು ಕೊಟ್ರಬಸಮ್ಮ ಒಳಗಿನಿಂದಲೇ ಆಡಿ ಮುಗಿಸಿದಳು. ಮಷೀನು ಟೆಂಪೋ ಹತ್ತಿತು. ಹಪ್ಪಳಕ್ಕೆ ಬೇರೆ ಜಾಗ ನೋಡಬೇಕಾಯಿತು.

ಮರುದಿನದಿಂದ ಮರಿಬಸಪ್ಪ ಸೋಡಾ ಎಂದು ಕರೆದವರಿಗೆ ತಿರುಗಿ ನೋಡಲಿಲ್ಲ. "ಮಾರೀನಿ. ಸೋಡಾ ಬೇಕಾದ್ರ ಕಂಟೋನ್ಮೆಂಟಿಗಿ ಹೋಗ್ರಿ. ನಾನು ಬರೀ ಮರಿಬಸಪ್ಪ" ಎಂದು ಜಿಪ್ಪು ಎಣಿಸುತ್ತ ಕೂತ. ಮಾರಿದ್ದು ಮಾರಿದ್ದೇ, ವ್ಯಾಪಾರದ ಓಣಿ ಅದನ್ನು ಗೌರವಿಸಿತು. ಆದರೆ ಬರೀ ಮರಿಬಸಪ್ಪನಿಗೆ ಬರಬೇಕಾದ ಗುಂಡಿಯ ಮೂಟೆ ಟೇಲರ್ ಮರಿಬಸಪ್ಪನ ಮನೆಗೆ ಹೋಯಿತು. ಪೋಸ್ಟ್ ಮರಿಬಸಪ್ಪನ ಮೊಮ್ಮಗಳ ಜಾತಕ ಇವನ ಕೈಗೆ ಬಂತು. ಇದೆಲ್ಲ ಸಣ್ಣದು, ಸಹಿಸಬಹುದಿತ್ತು.

ಅಷ್ಟರಲ್ಲಿ ಕುರುಗೋಡಿನಲ್ಲಿ ಲಾರಿ ಮರಿಬಸಪ್ಪ ಲಿಂಗೈಕ್ಯನಾದ. ಬಳ್ಳಾರಿಗೆ ಸುದ್ದಿ ತಂದವನು ಅವಸರದಲ್ಲಿ "ಕುರುಗೋಡು ಮರಿಬಸಪ್ಪ ಹೋದನಂತ" ಎಂದಷ್ಟೇ ಹೇಳಿದ. ಮೊದಲಾಗಿದ್ದರೆ ಯಾವ ಮರಿಬಸಪ್ಪ ಎಂದು ಕೇಳುತ್ತಿದ್ದರು. ಈಗ ಕೇಳುವ ಕಾರಣವೇ ಇರಲಿಲ್ಲ, ಮುಂದೆ ಏನೂ ಇಲ್ಲದ ಮರಿಬಸಪ್ಪ ಬಳ್ಳಾರಿಯಲ್ಲಿ ಒಬ್ಬನೇ ಇದ್ದ. ಸಿರುಗುಪ್ಪದಿಂದ ಚಂದ್ರಣ್ಣ ಹಾರ ಹಿಡಿದು, ಅಳುತ್ತ ಬಂದಿಳಿದ. ಭಾವ ಬಾಗಿಲಲ್ಲಿ ನಿಂತು ಹಲ್ಲುಜ್ಜುತ್ತಿದ್ದುದನ್ನು ನೋಡಿ ಹಾರ ಏನು ಮಾಡಬೇಕೆಂದು ತಿಳಿಯದೆ ಅವನ ಕೊರಳಿಗೇ ಹಾಕಿದ. ಎರಡು ದಿನ ಬಂದವರಿಗೆಲ್ಲ "ನಾ ಅಲ್ಲರೀ, ಲಾರಿ" ಎಂದು ಹೇಳಿ ಮರಿಬಸಪ್ಪನ ಬಾಯಿ ಒಣಗಿತು. ಸುದ್ದಿ ಕಂಟೋನ್ಮೆಂಟಿಗೂ ಮುಟ್ಟಿತು. ಅದು ತಪ್ಪೆಂಬ ಸುದ್ದಿ ಮಾತ್ರ ಅಲ್ಲಿಯವರೆಗೆ ಹೋಗಲಿಲ್ಲ.

ಇದಾಗಿ ಕೆಲವು ದಿನಗಳ ಮೇಲೆ ಮರಿಬಸಪ್ಪನಿಗೆ ತನ್ನ ಮಷೀನು ಹೇಗಿದೆಯೋ ನೋಡಬೇಕೆನ್ನಿಸಿತು. ಮಾರಿದ ಎಮ್ಮೆಯ ಮನೆ ಮುಂದೆ ಹಾಯ್ದು ಹೋಗುವ ಚಟ ಯಾರಿಗಿರುವುದಿಲ್ಲ? ಇಸ್ತ್ರಿಯ ಅಂಗಿ ತೊಟ್ಟು ಕೆಫೆಗೆ ಹೋದ. ಅಕ್ಷೋಭ್ಯ ಮಂತ್ರಾಲಯಕ್ಕೆ ಹೋಗಿದ್ದ, ಕೌಂಟರಿನಲ್ಲಿ ಸಮ್ರಾಟ್ ಎಂಬ ಹೊಸ ಮನುಷ್ಯನಿದ್ದ, ಅವನಿಗೆ ಇವನ ಗುರುತಿರಲಿಲ್ಲ. ಬಂಗಲೆಯ ನಡುಮನೆಯಲ್ಲಿ, ದೀಪದ ಕೆಳಗೆ, ಮಷೀನು ಮದುಮಗನ ಹಾಗೆ ನಿಂತಿತ್ತು. ಅದರ ಮೇಲೆ ಚಿನ್ನದ ಬಣ್ಣದಲ್ಲಿ ಬರೆದಿತ್ತು: 'ಕೀರ್ತಿಶೇಷ ಸೋಡಾ ಮರಿಬಸಪ್ಪನವರ ಮಷೀನು'.

ಮರಿಬಸಪ್ಪ ಎರಡು ಸಲ ಓದಿದ. ಆದಿಶೇಷ ಗೊತ್ತಿತ್ತು. ಕೀರ್ತಿ ಗೊತ್ತಿತ್ತು. ಎರಡೂ ಕೂಡಿದರೆ ದೊಡ್ಡದೇ ಏನೋ ಆಗಿರಬೇಕು. ಅವನ ಮಂದಿ ಹೋದವರ ಹೆಸರಿನ ಮುಂದೆ ಲಿಂಗೈಕ್ಯ ಎಂದು ಬರೆಯುವವರು, ಈ ಮಾತು ಅವನ ಕಣ್ಣಿಗೆ ಬಿದ್ದಿರಲಿಲ್ಲ. ಸಾಲದ್ದಕ್ಕೆ ಕೊನೆಯಲ್ಲಿ 'ನವರ' ಬೇರೆ! ಹುಟ್ಟಿದಂದಿನಿಂದ ಯಾರೂ ಅವನಿಗೆ 'ನವರು' ಹಚ್ಚಿರಲಿಲ್ಲ. ಕಣ್ಣು ತುಂಬಿ ಬಂದವು.

"ಇವರು ಭಾಳ ದೊಡ್ಡ ಮನುಷ್ಯರೇನ್ರಿ?" ಎಂದು ಕೌಂಟರಿನವನನ್ನು ಕೇಳಿದ.

"ಹೌದಂತರಿ. ನಮ್ಮ ಸರ್ ದಿನಾ ಊದಿನಕಡ್ಡಿ ಹಚ್ಚತಾರ" ಎಂದ ಸಮ್ರಾಟ್.

ಊದಿನಕಡ್ಡಿ ಮಷೀನಿಗೆಂದು ಮರಿಬಸಪ್ಪ ತಿಳಿದ. ಒಂದು ಸೋಡಾ ಕುಡಿದು, ಕೇಳಿದಷ್ಟು ಕೊಟ್ಟು, ಓಣಿಗೆ ಬಂದವನೇ ಓಬಣ್ಣನಿಗೆ ಹೇಳಿದ. "ಕಂಟೋನ್ಮೆಂಟಿನವರು ನನಗ ಬಿರುದು ಕೊಟ್ಟಾರಲೇ. ಕೀರ್ತಿಶೇಷ." ಓಬಣ್ಣನಿಗೆ ಲೇತ್ ಗೊತ್ತಿತ್ತು, ತೆಲುಗು ಗೊತ್ತಿತ್ತು, ಕೀರ್ತಿಶೇಷ ಗೊತ್ತಿರಲಿಲ್ಲ. ಬಾಯಿ ತುಂಬುವ ಮಾತು ಎಂದು ಅಂದಿನಿಂದಲೇ ಕರೆಯತೊಡಗಿದ. "ಏ ಕೀರ್ತಿಶೇಷ, ಚಾ ಕುಡ್ಯಾಕ ಬಾರೋ." ಓಣಿಯೂ ಕಲಿಯಿತು. ಮರಿಬಸಪ್ಪನಿಗೆ ಕಡೆಗೂ ತನಗೊಪ್ಪುವ ಹೆಸರು ಸಿಕ್ಕಿತು ಎನ್ನಿಸಿತು. ಹಳೆಯ ಬೋರ್ಡು ತೆಗೆಸಿ ಹೊಸದಕ್ಕೆ ಹೇಳಿದ. 'ಕೀರ್ತಿಶೇಷ ಮರಿಬಸಪ್ಪ ಜಿಪ್ ಅಂಡ್ ಬಟನ್ ಸೆಂಟರ್'. ಪೇಂಟರಿಗೆ ಅರ್ಥ ಗೊತ್ತಿತ್ತು. ಅಂಗಡಿಗೆ ಅಪ್ಪನ ಹೆಸರಿಡುವ ಒಳ್ಳೆಯ ಮಗ ಎಂದುಕೊಂಡು ಅಕ್ಷರವನ್ನು ಇನ್ನಷ್ಟು ಚಂದ ಮಾಡಿದ. ಬೋರ್ಡು ಏರಿಸಿದ ದಿನ ಕೊಟ್ರಬಸಮ್ಮ ಅದಕ್ಕೆ ತಾನೇ ಕುಂಕುಮ ಹಚ್ಚಿ, ತೆಂಗಿನಕಾಯಿ ಒಡೆದಳು. ಓಣಿಗೆಲ್ಲ ಪೇಡೆ ಹಂಚಿದರು.

ಒಂದು ಮಧ್ಯಾಹ್ನ ಅಕ್ಷೋಭ್ಯ ಬಂದ. ಕೈಯಲ್ಲಿ ಹಣ್ಣಿನ ಚೀಲ, ಮುಖದಲ್ಲಿ ದುಃಖ. ಹಿರಿಯರು ಹೋದಾಗಲೇ ಬರಬೇಕಿತ್ತು, ತಡವಾಯಿತೆಂದು ಅವನಿಗೆ ನಾಚಿಕೆಯಾಗಿತ್ತು. ದೂರದಿಂದಲೇ ಹೊಸ ಬೋರ್ಡು ಓದಿ, ಮನೆಯವರು ಎಷ್ಟು ಭಕ್ತಿ ಇಟ್ಟುಕೊಂಡಿದ್ದಾರೆ ಎಂದು ಕರಗಿದ. ಹೊಸ್ತಿಲು ದಾಟಿ ನೋಡಿದರೆ ಕೀರ್ತಿಶೇಷರು ಸ್ಟೂಲಿನ ಮೇಲೆ ಕೂತು ಮಂಡಕ್ಕಿ ತಿನ್ನುತ್ತಿದ್ದರು. ಹಣ್ಣಿನ ಚೀಲ ಕೆಳಗೆ ಬಿತ್ತು.

"ಬರ್ರಿ ಬರ್ರಿ," ಎಂದು ಮರಿಬಸಪ್ಪ ಎದ್ದ. "ನೀವು ಕೊಟ್ಟ ಬಿರುದು ಇಡೀ ಓಣಿಗಿ ಹಿಡಿಸೇತಿ."

ಅಕ್ಷೋಭ್ಯ ಬೆವರು ಒರೆಸಿಕೊಂಡ. "ಬಿರುದು ಅಲ್ಲರೀ ಅದು. ತಪ್ಪಾಗ್ಯದ. ನೀವು ಹೋದ್ರಿ ಅಂತ ಯಾರೋ ಹೇಳಿದ್ರು. ಕೀರ್ತಿಶೇಷ ಅಂದ್ರ... ಮನುಷ್ಯ ಹೋಗ್ಯಾನ, ಬರೀ ಕೀರ್ತಿ ಉಳದದ ಅಂತರೀ."

ಮರಿಬಸಪ್ಪ ಮಂಡಕ್ಕಿ ನುಂಗಲಿಲ್ಲ. ಒಳಬಾಗಿಲಲ್ಲಿ ನೀರಿನ ತಂಬಿಗೆ ಹಿಡಿದು ಬಂದ ಕೊಟ್ರಬಸಮ್ಮ ಎಲ್ಲ ಕೇಳಿಸಿಕೊಂಡಿದ್ದಳು. ಆ ಬೋರ್ಡಿಗೆ ತನ್ನ ಕೈಯಾರೆ ಕುಂಕುಮ ಹಚ್ಚಿದ್ದು ಅವಳಿಗೆ ನೆನಪಾಯಿತು. ಅಷ್ಟರಲ್ಲಿ ಎದುರಿನಿಂದ ಓಬಣ್ಣ ಎಂದಿನಂತೆ ಕೂಗಿದ.

"ಏ ಕೀರ್ತಿಶೇಷ! ಯಾರು ಬಂದಾರೋ?"

ಕೊಟ್ರಬಸಮ್ಮ ತಂಬಿಗೆ ಕುಕ್ಕಿ ಬೀದಿಗೆ ಬಂದಳು. ಅವಳ ದನಿ ಆ ಓಣಿ ಹಿಂದೆಂದೂ ಕೇಳಿರಲಿಲ್ಲ.

"ಇನ್ನೊಬ್ರು ಹಂಗ ಅಂದ್ರ ನಾಲಿಗಿ ಕೀಳ್ತೀನಿ! ಗಟ್ಟಿಮುಟ್ಟಾಗಿ ಕುಂತಾನ ನನ್ನ ಗಂಡ! ಸೋಡಾ ಅನ್ರಿ! ಮೊದಲಿನಂಗ ಸೋಡಾ ಮರಿಬಸಪ್ಪ ಅನ್ರಿ! ಸೋಡಾ ಮರಿಬಸಪ್ಪ!"

ಲೇತ್ ನಿಂತಿತು. ಜೀನ್ಸ್ ಘಟಕದ ಹೆಂಗಸರು ಕಿಟಕಿಗೆ ಬಂದರು. ಮದುವೆಯಾದಂದಿನಿಂದ ಅವಳ ಬಾಯಲ್ಲಿ ಗಂಡ ಇವರಾಗಿದ್ದ, ನಮ್ಮನಿಯವರಾಗಿದ್ದ, ರೇಷನ್ ಅಂಗಡಿಯಲ್ಲಿ ಹೆಸರು ಕೇಳಿದರೂ ಕಾರ್ಡು ತೋರಿಸಿ ತಲೆ ತಗ್ಗಿಸುತ್ತಿದ್ದಳು. ಈಗ ನಡುಬೀದಿಯಲ್ಲಿ, ಎಲ್ಲರೆದುರು, ಪೂರಾ ಹೆಸರು ಎರಡೆರಡು ಸಲ ಬಂದುಬಿಟ್ಟಿತ್ತು. ಅದು ಅವಳಿಗೆ ತಿಳಿದದ್ದೂ ಆಗಲೇ.

ಮರಿಬಸಪ್ಪ ಹೊಸ್ತಿಲಿಗೆ ಬಂದು ನಿಂತಿದ್ದ. ಇಷ್ಟು ವರ್ಷ ಕಿವಿ ಮುಚ್ಚಿಕೊಳ್ಳುವಂತೆ ಮಾಡಿದ ಹೆಸರು ಇವಳ ಬಾಯಲ್ಲಿ ಇಷ್ಟು ಚಂದ ಕೇಳುತ್ತದೆಂದು ಅವನಿಗೆ ಗೊತ್ತೇ ಇರಲಿಲ್ಲ. ಅಕ್ಷೋಭ್ಯನನ್ನೂ ಓಬಣ್ಣನನ್ನೂ ಮರೆತು ಅವಳ ಹತ್ತಿರ ಹೋದ.

"ಇನ್ನೊಮ್ಮಿ ಅನ್ನು" ಎಂದ.

ಅವಳು ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಓಡಿದಳು.